ಹನ್ನೊಂದು ಮಣಿಯ ಹಾರ

ಸರ್ಕಾರಿ ಕಚೇರಿಯ ಗುಮಾಸ್ತನಿಗೆ ಕೋಟಿಯ ಅಂಕಿಗಳೇನೂ ಅಪರೂಪವಲ್ಲ. ದಿನವೂ ಬರೆಯುತ್ತೇವೆ, ಕೂಡುತ್ತೇವೆ, ಮೇಲಧಿಕಾರಿಗಳ ಸಹಿಗೆ ಕಳುಹಿಸುತ್ತೇವೆ. ಆದರೆ ಅವೆಲ್ಲ ಯಾರದೋ ಹಣ. ಯಾರ ಹಣವೂ ಅಲ್ಲದ, ಆದರೂ ನಮ್ಮದೆಂದು ಹೇಳಿಕೊಳ್ಳಬಹುದಾದ ಒಂದು ದೊಡ್ಡ ಸಂಖ್ಯೆಯನ್ನು ವಾಚಕರ ಮುಂದಿಡಬೇಕೆಂಬುದು ನನ್ನ ಬಹುದಿನದ ಆಸೆ.

ಆ ಸಂಖ್ಯೆ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇದನ್ನು ಪೋಣಿಸಿಟ್ಟವನು ಮಹಾವೀರಾಚಾರ್ಯ. ಸುಮಾರು ಕ್ರಿ.ಶ. 850ರಲ್ಲಿ, ನಮ್ಮ ನೃಪತುಂಗ ಅಮೋಘವರ್ಷನ ಕಾಲದಲ್ಲಿ, ಆತ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ಬರೆದ. ಅದರ ಗುಣಾಕಾರದ ಭಾಗದಲ್ಲಿ ಇಂಥ ಚೆಲುವಾದ ಗುಣಲಬ್ಧಗಳು ಹಲವು ಇವೆ; ಅವುಗಳಲ್ಲಿ ಕೆಲವನ್ನು ಆತ ಕಂಠಾಭರಣವೆಂದೇ ಕರೆದಿದ್ದಾನೆ. 142857143ನ್ನು 7ರಿಂದ ಗುಣಿಸಿದರೆ 1000000001: ಎರಡು ತುದಿಗೂ ಒಂದೊಂದು, ನಡುವೆ ಬರಿಯ ಸೊನ್ನೆಯ ಮುತ್ತು. ನಮ್ಮ ಸಂಖ್ಯೆಗೆ ಆತನ ಲೆಕ್ಕ 27994681 ಗುಣಿಸು 441.

ಇದರ ಗುಟ್ಟೇನು? 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಅಂದರೆ ನಮ್ಮ ಹಾರ 111111ರ ವರ್ಗವೇ. ಕಾಗದದ ಮೇಲೆ ಗುಣಿಸಿ ನೋಡಿ: ಆರು ಒಂದುಗಳ ಆರು ಸಾಲು, ಒಂದೊಂದು ಸಾಲೂ ಒಂದು ಸ್ಥಾನ ಎಡಕ್ಕೆ ಸರಿದು ನಿಲ್ಲುತ್ತದೆ. ಕೂಡಿದರೆ ಅಂಚಿನಲ್ಲಿ ಒಂದು, ಅದರ ಪಕ್ಕ ಎರಡು, ನಡುವೆ ಆರು. ಒಂಬತ್ತು ಒಂದುಗಳವರೆಗೂ ಹಾರ ಹೀಗೆಯೇ ಬೆಳೆಯುತ್ತದೆ. ಹತ್ತನೆಯದು ಸೇರಿದೊಡನೆ ನಡುವಿನ ಮೊತ್ತ ಹತ್ತಾಗಿ, ದಶಕ ಏರಿ, ಹಾರ ಹರಿಯುತ್ತದೆ!

ಐದನೆಯ ತರಗತಿಯ ನನ್ನ ಮಗಳಿಗೆ ಇದನ್ನು ಮಾಡಿ ತೋರಿಸಿದೆ. "ಅಪ್ಪಾ, ಮೆಟ್ಟಿಲು ಹತ್ತಿ ಇಳಿದ ಹಾಗಿದೆ" ಎಂದಳು. "ಎಲ್ಲಿ, ಓದು ನೋಡೋಣ" ಎಂದೆ. ಇಂಗ್ಲಿಷಿನಲ್ಲಿ ಸರಾಗವಾಗಿ ಓದಿದಳು, ತಮಿಳಿನಲ್ಲೂ ಓದಿದಳು. ಕನ್ನಡದಲ್ಲಿ "ಒಂದು ಸಾವಿರದ ಇನ್ನೂರ..." ಎಂದು ಹೊರಟು, ಮೂವತ್ತನಾಲ್ಕಕ್ಕೆ ನಿಂತು, ನನ್ನ ಮುಖ ನೋಡಿದಳು.

ಪೆರುಂಗುಡಿಯಲ್ಲಿ ಬೆಳೆಯುವ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತಮಿಳು. ಎರಡೂ ಬೇಕಾದವೇ. ಕನ್ನಡ ಮಾತ್ರ ಊಟಕ್ಕೆ ಕರೆಯಲು, ಗದರಿಸಲು ಉಳಿದಿದೆ. ಮನೆಮಾತು ಸವೆಯುವಾಗ ಮೊದಲು ಜಾರುವುದು ಅಂಕಿಗಳೆಂದು ನನಗೆ ಆ ದಿನ ತೋರಿತು. ಮನಸ್ಸಿನಲ್ಲೇ ಲೆಕ್ಕ ಹಾಕಲು ಬಾರದ ಭಾಷೆ ಎಷ್ಟು ದಿನ ನಮ್ಮದಾಗಿದ್ದೀತು?

ಒಂದು ಸಮಾಧಾನವುಂಟು. ಕನ್ನಡ ನಾಡಿನಲ್ಲಿ ಹುಟ್ಟಿದ ಆ ಗ್ರಂಥ 1912ರಲ್ಲಿ ಅಚ್ಚಾದದ್ದು ನಾವಿರುವ ಈ ಮದರಾಸಿನಲ್ಲಿಯೇ. ಪ್ರೆಸಿಡೆನ್ಸಿ ಕಾಲೇಜಿನ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಸಂಪಾದಿಸಿದರು. ಅವರು ಬಳಸಿದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ನಮಗಿಂತ ಮೊದಲೇ ಬಂದು ಇಲ್ಲಿ ಬಾಳಿದ ಆಸ್ತಿಯದು.

ಆದ್ದರಿಂದ ಸೋದರ ಸೋದರಿಯರಲ್ಲಿ ನನ್ನದೊಂದು ಬಿನ್ನಹ. ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಮಹಾವೀರನ ಒಂದೊಂದು ಹಾರವನ್ನು ಕಟ್ಟಿಸಿರಿ. ಮೊದಲಿಗೆ 12345679ನ್ನು 9ರಿಂದ ಗುಣಿಸಲಿ. ಉತ್ತರವನ್ನು ಮಾತ್ರ ಕನ್ನಡದಲ್ಲಿ, ಗಟ್ಟಿಯಾಗಿ ಓದಿಸಬೇಕು: ಹನ್ನೊಂದು ಕೋಟಿ ಹನ್ನೊಂದು ಲಕ್ಷ ಹನ್ನೊಂದು ಸಾವಿರದ ನೂರ ಹನ್ನೊಂದು.