ನಲವತ್ತೆಂಟು ಸೀಸೆಗಳು

ಮನೆಯಲ್ಲಿ ಬಿಯರ್ ಮಾಡುವವರನ್ನು ಯಾರನ್ನಾದರೂ ಕೇಳಿ ನೋಡಿ. ಮಾಲ್ಟ್ ಕುದಿಸುವ ದಿನದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಸೀಸೆಗೆ ತುಂಬುವ ದಿನದ ಬಗ್ಗೆ ಕೇಳಿದರೆ ಮುಖ ಸಣ್ಣದು ಮಾಡುತ್ತಾರೆ. ಕುದಿಸುವ ದಿನ ಮನೆಯೆಲ್ಲ ಹುರಿದ ಧಾನ್ಯದ, ಹಾಪ್ಸ್ ಹೂವಿನ ಘಮ. ತುಂಬುವ ದಿನ ಬರೀ ಅಂಟು. ನೆಲ ಅಂಟು, ಫ್ರಿಜ್ಜಿನ ಹಿಡಿ ಅಂಟು, ಕಾಲುಚೀಲ ಅಂಟು.

ನಾನಿರುವುದು ಅಮೆರಿಕದ ಒರೆಗಾನ್ ರಾಜ್ಯದ ಹಿಲ್ಸ್‌ಬರೊದಲ್ಲಿ, ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ. ಇಲ್ಲಿ ಹಿತ್ತಲಲ್ಲಿ ಟೊಮ್ಯಾಟೊ ಬೆಳೆಯುವ ಹಾಗೆ ಬಿಯರ್ ಮಾಡುವವರಿದ್ದಾರೆ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಂತೆ ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಜನರಿದ್ದರೆ 200 ಗ್ಯಾಲನ್ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ನನ್ನದು ಒಂದು ಸಲಕ್ಕೆ ಐದೇ ಗ್ಯಾಲನ್, ಅಂದರೆ 19 ಲೀಟರ್, ಅದೂ ವರ್ಷಕ್ಕೆ ಮೂರೋ ನಾಲ್ಕೋ ಸಲ. ತಿಪಟೂರಿನಲ್ಲಿರುವ ಅಮ್ಮನಿಗೆ ಇದನ್ನು ಹೇಳಿರಲಿಲ್ಲ.

ಮೊದಲ ಸಲ ತುಂಬಿದಾಗ ನನ್ನ ಹತ್ತಿರ ಇದ್ದದ್ದು ಒಂದು ಉದ್ದದ ಪ್ಲಾಸ್ಟಿಕ್ ಕೊಳವೆ ಮತ್ತು ಅದನ್ನು ಅದುಮಿ ಹಿಡಿಯುವ ಕ್ಲಿಪ್ಪು. ಒಂದು ಸೀಸೆಯಿಂದ ಇನ್ನೊಂದಕ್ಕೆ ಕೊಳವೆ ದಾಟಿಸುವಷ್ಟರಲ್ಲಿ ಒಂದೊಂದು ಗುಟುಕು ನೆಲದ ಪಾಲು. ನಲವತ್ತೆಂಟು ಸೀಸೆ ಎಂದರೆ ನಲವತ್ತೆಂಟು ಗುಟುಕು. ಮೂರು ಸಲ ಒರೆಸಿದೆ. ನಾಲ್ಕನೇ ದಿನ ಡಿಶ್‌ವಾಷರಿನ ಅಡಿಯಿಂದ ಇರುವೆ ಸಾಲು ಹೊರಟಿತು. ಆ ಹುಳಿ ವಾಸನೆ ವಾರಗಟ್ಟಲೆ ಅಡುಗೆಮನೆ ಬಿಟ್ಟು ಹೋಗಲಿಲ್ಲ.

ಹೋದ ವರ್ಷ ಅಮ್ಮನ ಟಿಕೆಟ್ ಖಾತ್ರಿಯಾದಾಗ ಬಚ್ಚಲ ಪಕ್ಕದ ಕಪಾಟಿನಲ್ಲಿ 19 ಲೀಟರ್ ಹುದುಗುತ್ತಿತ್ತು. ಚೆಲ್ಲಲು ಮನಸ್ಸು ಬರಲಿಲ್ಲ. ಆದರೆ ಆ ವಾಸನೆ ಇರುವ ಮನೆಗೆ ಅಮ್ಮನನ್ನು ಕರೆತರುವುದು ಹೇಗೆ? ಅಪ್ಪ ಕುಡಿಯುತ್ತಿದ್ದರು. ಹೊಡೆದವರಲ್ಲ, ಕೂಗಾಡಿದವರೂ ಅಲ್ಲ. ಸುಮ್ಮನೆ ಗೋಡೆಗೆ ಒರಗಿ ಕೂತು, ಸಂಬಳ ಮುಗಿಯುವವರೆಗೆ ಕುಡಿಯುತ್ತಿದ್ದರು. ಅವರು ಹೋಗಿ ಹನ್ನೊಂದು ವರ್ಷವಾಯಿತು. ಅಮ್ಮ ಇವತ್ತಿಗೂ ಬಸ್ಸಿನಲ್ಲಿ ಕುಡಿದವರು ಪಕ್ಕಕ್ಕೆ ಬಂದು ಕೂತರೆ ಎದ್ದು ನಿಂತೇ ಪ್ರಯಾಣ ಮಾಡುತ್ತಾಳೆ.

ಹಾಗಾಗಿ ಒಂದು ತೊಟ್ಟೂ ನೆಲಕ್ಕೆ ಬೀಳದ ಹಾಗೆ ತುಂಬುವ ವಿದ್ಯೆ ನಾನು ಕಲಿತದ್ದು ಹೆದರಿಕೆಯಿಂದ. ವಿದ್ಯೆ ದೊಡ್ಡದೇನಲ್ಲ. ಡಿಶ್‌ವಾಷರಿನ ಬಾಗಿಲು ಕೆಳಕ್ಕೆ ತೆರೆದುಕೊಳ್ಳುತ್ತದಲ್ಲ, ಅದೇ ನಿಮ್ಮ ತಟ್ಟೆ. ಅದರ ಮೇಲಿನ ಕಟ್ಟೆಯ ಅಂಚಿಗೆ ನಲ್ಲಿ ಇರುವ ಬಕೆಟ್ಟು. ನಲ್ಲಿಗೆ ಎರಡಿಂಚಿನ ರಬ್ಬರ್ ಕೊಳವೆ ಸಿಕ್ಕಿಸಿ, ಅದಕ್ಕೆ ತುದಿಯಲ್ಲಿ ಸ್ಪ್ರಿಂಗ್ ಇರುವ ಗಟ್ಟಿ ನಳಿಕೆ. ಸೀಸೆಯನ್ನು ಕೆಳಗಿನಿಂದ ಮೇಲಕ್ಕೆ ಏರಿಸಿ ತಳವನ್ನು ನಳಿಕೆಯ ತುದಿಗೆ ಒತ್ತಿದರೆ ಬಿಯರ್ ಹರಿಯುತ್ತದೆ, ಇಳಿಸಿದರೆ ನಿಲ್ಲುತ್ತದೆ. ಕಂಠದ ತುದಿಯವರೆಗೂ ತುಂಬಿಸಿ ನಳಿಕೆ ಹೊರತೆಗೆದರೆ, ನಳಿಕೆ ಹಿಡಿದಿದ್ದಷ್ಟು ಜಾಗ ತಾನಾಗಿ ಖಾಲಿ ಉಳಿಯುತ್ತದೆ. ಅಷ್ಟು ಖಾಲಿ ಬೇಕು ಕೂಡ. ತೊಟ್ಟಿಕ್ಕಿದ್ದೆಲ್ಲ ಬಾಗಿಲಿನ ಮೇಲೆ. ಮುಗಿದ ಮೇಲೆ ಬಾಗಿಲು ಮುಚ್ಚಿ ಬಿಸಿನೀರು ಬಿಟ್ಟರೆ ಸಾಕ್ಷಿಯೇ ಇಲ್ಲ.

ಗುಳ್ಳೆ ಏಳಿಸುವ ಸಕ್ಕರೆಯನ್ನು ಸೀಸೆ ಸೀಸೆಗೆ ಚಮಚದಲ್ಲಿ ಹಾಕುವುದನ್ನೂ ಬಿಟ್ಟೆ. ಸುಮಾರು 120 ಗ್ರಾಂ ಜೋಳದ ಸಕ್ಕರೆಯನ್ನು ಎರಡು ಲೋಟ ನೀರಲ್ಲಿ ಕುದಿಸಿ, ಆರಿಸಿ, ಬಕೆಟ್ಟಿನ ತಳಕ್ಕೆ ಹಾಕಿ ಮೇಲೆ ಬಿಯರನ್ನು ಸದ್ದಿಲ್ಲದೆ ಇಳಿಸಿದರೆ ಅದೇ ಬೆರೆಯುತ್ತದೆ. ಸದ್ದು ಮಾಡಿದರೆ ಗಾಳಿ ಸೇರಿ ಒದ್ದೆ ರಟ್ಟಿನ ರುಚಿ ಬರುತ್ತದೆ. ಸಕ್ಕರೆ ಜಾಸ್ತಿಯಾದರೆ ಸೀಸೆ ಸಿಡಿಯುತ್ತದೆ. ಅಮ್ಮ ಮಲಗಿರುವಾಗ ಕಪಾಟಿನಲ್ಲಿ ಸೀಸೆ ಸಿಡಿಯುವುದನ್ನು ಕಲ್ಪಿಸಿಕೊಂಡು ಆ ಸಲ ಎರಡೆರಡು ಬಾರಿ ತೂಕ ಮಾಡಿದೆ.

ಅಮ್ಮ ಬಂದಳು. ಅಡುಗೆಮನೆಗೆ ಕಾಲಿಟ್ಟು "ಪರವಾಗಿಲ್ಲ, ಚೊಕ್ಕಟವಾಗಿಟ್ಟಿದೀಯ" ಅಂದಳು. ನಾನು ಗೆದ್ದೆ ಅಂದುಕೊಂಡೆ.

ತುಂಬಿದ ಸೀಸೆಗಳನ್ನು ಬಚ್ಚಿಟ್ಟಿದ್ದೆ, ಖಾಲಿಯವನ್ನು ಮರೆತಿದ್ದೆ. ಒರೆಗಾನ್‌ನಲ್ಲಿ ಖಾಲಿ ಸೀಸೆಗೆ 10 ಸೆಂಟ್ ಠೇವಣಿ ಇದೆ. 1971ರಲ್ಲಿ ಅಮೆರಿಕದಲ್ಲೇ ಮೊದಲು ಇಂಥ ಕಾನೂನು ತಂದ ರಾಜ್ಯ ಇದು. ಹಿಂದಿರುಗಿಸಿ ದುಡ್ಡು ತೆಗೆದುಕೊಳ್ಳುವ ಬದಲು ನನ್ನಂಥವರು ಕಂದು ಸೀಸೆಗಳನ್ನು ಕೂಡಿಡುತ್ತೇವೆ. ಬಾಲ್ಕನಿಯ ಬುಟ್ಟಿಯಲ್ಲಿ ಅಂಥ ಹದಿನಾಲ್ಕಿದ್ದವು, ತೊಳೆಯದೆ, ತಳದಲ್ಲಿ ಯೀಸ್ಟು ಒಣಗಿ ಕೆಲವಕ್ಕೆ ಬೂಷ್ಟು ಬಂದು.

ಮೂರನೆಯ ದಿನ ಆಫೀಸಿನಿಂದ ಬಂದರೆ ಅವೆಲ್ಲ ಸಿಂಕಿನ ಪಕ್ಕದಲ್ಲಿ ತಲೆಕೆಳಗಾಗಿ ನಿಂತಿವೆ. ಪಳಪಳ ಅನ್ನುತ್ತಿವೆ. ಒಂದನ್ನೆತ್ತಿ ಮೂಸಿದೆ. ಏನೂ ಇಲ್ಲ.

"ಒಂದು ಹಿಡಿ ಅಕ್ಕಿ, ಬಿಸಿನೀರು ಹಾಕಿ ಕುಲುಕಿದೆ. ಊರಲ್ಲಾಗಿದ್ರೆ ಮರಳು" ಅಂದಳು, ಕೊತ್ತಂಬರಿ ಬಿಡಿಸುತ್ತಾ. ನಾನು ಏನೋ ಹೇಳಲು ಹೊರಟೆ. ಅವಳೇ ಮುಂದುವರಿಸಿದಳು. "ಕುಡಿದ ರಾತ್ರೀನೇ ಮೂರು ಸಲ ನೀರು ಹಾಕಿ ಗಲಬರಿಸಿಬಿಡಬೇಕು. ಬೆಳಗ್ಗೆವರೆಗೆ ಬಿಟ್ಯೋ, ಹೋಗಲ್ಲ ಅದು."

ಇದನ್ನೇ ಮನೆಯಲ್ಲಿ ಬಿಯರ್ ಮಾಡುವ ಪ್ರತಿಯೊಬ್ಬನೂ ಹೊಸಬರಿಗೆ ಮೊದಲು ಹೇಳುವುದು. ಅಮ್ಮನಿಗೆ ಹೇಗೆ ಗೊತ್ತು ಎಂದು ಕೇಳುವಷ್ಟರಲ್ಲಿ ನನಗೇ ಹೊಳೆಯಿತು. ಖಾಲಿ ಸೀಸೆ, ಹಳೇ ಪೇಪರಿನವನು ಭಾನುವಾರ ನಮ್ಮ ಬೀದಿಗೆ ಬರುತ್ತಿದ್ದ. ನಾನೇ ಚೀಲ ಹೊತ್ತುಕೊಂಡು ಹೋಗಿ ಕೊಡುತ್ತಿದ್ದೆ. ಬಂದ ಚಿಲ್ಲರೆಯಲ್ಲಿ ಒಂದು ಪೆನ್ಸಿಲ್ಲೋ ಮಿಠಾಯಿಯೋ ನನ್ನದು. ನಮ್ಮ ಮನೆಯ ಸೀಸೆಗಳು ವಾಸನೆ ಬರುವುದಿಲ್ಲ ಎಂದು ಅವನು ಹೊಗಳುತ್ತಿದ್ದದ್ದು ನೆನಪಿದೆ. ಅವು ಹಾಗೇ ಇರುತ್ತವೆ ಅಂತ ನಾನು ತಿಳಿದಿದ್ದೆ. ಅಪ್ಪ ನಿದ್ದೆಹೋದ ಮೇಲೆ ಹಿತ್ತಲ ಕಲ್ಲಿನ ಮೇಲೆ ಕೂತು ಯಾರೋ ಅವನ್ನು ಮರಳು ಹಾಕಿ ಕುಲುಕುತ್ತಿದ್ದರು ಎಂಬುದು ಮೂವತ್ತು ವರ್ಷ ನನ್ನ ತಲೆಗೆ ಬಂದಿರಲಿಲ್ಲ.

"ನೀನು ಹೊತ್ಕೊಂಡು ಹೋಗ್ತಿದ್ಯಲ್ಲ," ಅಂದಳು ಅಮ್ಮ. "ನಿನ್ನ ಕೈ ವಾಸನೆ ಬರಬಾರದು ಅಂತ."

ಅಷ್ಟೇ. ಬೈಯಲಿಲ್ಲ, ಬಿಡು ಅನ್ನಲಿಲ್ಲ. ಬೈದಿದ್ದರೆ ನನ್ನ ಹತ್ತಿರ ಉತ್ತರ ತಯಾರಿತ್ತು. ಇದು ಹವ್ಯಾಸ, ವಾರಕ್ಕೆ ಎರಡಕ್ಕಿಂತ ಹೆಚ್ಚಿಲ್ಲ, ಅಪ್ಪನ ಹಾಗಲ್ಲ ಅಂತೆಲ್ಲ. ಅವಳು ಯಾವುದನ್ನೂ ಕೇಳಲಿಲ್ಲ. ಸಾರಿಗೆ ಒಗ್ಗರಣೆ ಹಾಕಿದಳು.

ಸೀಸೆಯಲ್ಲಿ ಗುಳ್ಳೆ ಕೂಡಲು ಸುಮಾರು ಎರಡು ವಾರ ಬೇಕು. ಎರಡು ವಾರ ಕಳೆಯಿತು, ನಾಲ್ಕಾಯಿತು. ನಾನು ಕಪಾಟು ತೆರೆಯಲಿಲ್ಲ. ಅಮ್ಮ ಇದ್ದಷ್ಟು ದಿನ ತೆರೆಯಲಿಲ್ಲ. ಅವಳು ಅದರ ಮುಂದೆಯೇ ದಿನಾ ಓಡಾಡುತ್ತಿದ್ದಳು, ಟವೆಲ್ಲು ತೆಗೆಯುವಾಗ ಸೀಸೆಗಳನ್ನು ಪಕ್ಕಕ್ಕೆ ಸರಿಸಿ, ಮತ್ತೆ ಸಾಲಾಗಿಡುತ್ತಿದ್ದಳು.

ಏರ್‌ಪೋರ್ಟಿಗೆ ಬಿಟ್ಟು ಬಂದ ರಾತ್ರಿ ಒಂದನ್ನು ತೆರೆದೆ. ಬಿಯರ್ ಚೆನ್ನಾಗಿ ಬಂದಿತ್ತು, ಹಾಪ್ಸಿನ ಕಹಿ ಹದವಾಗಿತ್ತು. ಕುಡಿದು ಸೋಫಾದ ಪಕ್ಕದಲ್ಲಿ ಸೀಸೆ ಇಟ್ಟು, ನಾಳೆ ನೋಡಿದರಾಯಿತೆಂದು ದೀಪ ಆರಿಸಿ ಮಲಗಿದೆ. ಅರ್ಧ ಗಂಟೆ ಹೊರಳಾಡಿ ಎದ್ದು ಬಂದೆ. ಸಿಂಕಿನ ಮೇಲಿನ ಕಿಟಕಿಯಲ್ಲಿ ಮಳೆ ಇಳಿಯುತ್ತಿತ್ತು. ನಲ್ಲಿ ತಿರುಗಿಸಿ ಮೂರು ಸಲ ಗಲಬರಿಸಿ, ತಲೆಕೆಳಗಾಗಿ ಇಟ್ಟು, ಕೈ ಮೂಸಿ ನೋಡಿದೆ.