ಬಾಗಿಲಿನಲ್ಲಿ ಹಿಡಿಸದ ಸರಕು

ಹೊಸ ಬೀರು ಮನೆ ಬಾಗಿಲಿಗೆ ಬಂದು ನಿಂತಾಗಲೇ ಒಂದು ಸತ್ಯ ಗೊತ್ತಾಗುವುದು. ಕೋಣೆಯಲ್ಲಿ ಜಾಗ ಧಾರಾಳವಾಗಿದೆ, ಬಾಗಿಲಿನಲ್ಲಿ ಇಲ್ಲ! ಓರೆ ಮಾಡಿ, ಮಲಗಿಸಿ, ಚೌಕಟ್ಟಿನ ಬಣ್ಣ ಕೆರೆದು ಹೇಗೋ ಒಳಸೇರಿಸುವುದುಂಟು. ಆದರೆ ಒಂಬತ್ತು ಟನ್ ತೂಗುವ ಯಂತ್ರವನ್ನು ಓರೆ ಮಾಡುವವರು ಯಾರು?

ಹಡಗಿನಲ್ಲಿ ಸರಕು ಕಳುಹಿಸುವವರಿಗೆ ಇದು ಬಹಳ ಪರಿಚಿತ ಸಮಸ್ಯೆ. 1956ರ ಏಪ್ರಿಲ್ 26ರಂದು ಅಮೆರಿಕದ ಲಾರಿ ಉದ್ಯಮಿ ಮಾಲ್ಕಮ್ ಮೆಕ್ಲೀನ್ ಅವರ ‘ಐಡಿಯಲ್ ಎಕ್ಸ್’ ಹಡಗು 58 ಲೋಹದ ಪೆಟ್ಟಿಗೆಗಳನ್ನು ಹೊತ್ತು ನೆವಾರ್ಕ್‌ನಿಂದ ಹ್ಯೂಸ್ಟನ್ನಿಗೆ ಹೊರಟಿತು. ಮೂಟೆಗಳನ್ನು ಒಂದೊಂದಾಗಿ ಹೊರುವ ಬದಲು ಪೆಟ್ಟಿಗೆಯನ್ನೇ ಎತ್ತಿಡುವ ಪದ್ಧತಿ ಕ್ರಮೇಣ ಲೋಕವನ್ನೆಲ್ಲ ವ್ಯಾಪಿಸಿತು. ಅದರ ಗುಟ್ಟು ಒಂದೇ ಅಳತೆ. ಸಾಮಾನ್ಯ 20 ಅಡಿ ಕಂಟೇನರಿನ ಹೊರ ಅಳತೆ ಉದ್ದ 6.06 ಮೀಟರು, ಅಗಲ 2.44 ಮೀಟರು, ಎತ್ತರ 2.59 ಮೀಟರು. ಲಾರಿ, ರೈಲು, ಹಡಗು, ಕ್ರೇನು ಎಲ್ಲವೂ ಇದಕ್ಕೆ ಹೊಂದಿಕೊಂಡಿವೆ. ಆದರೆ ಲೋಕದ ಸರಕೆಲ್ಲ ಇದೇ ಅಳತೆಯಲ್ಲಿ ಹುಟ್ಟುವುದಿಲ್ಲವಲ್ಲ!

ಅಂಥ ಸರಕಿಗಾಗಿ ಇರುವುದೇ ಓಪನ್ ಟಾಪ್ ಕಂಟೇನರು. ನೆಲ, ಗೋಡೆ, ಬಾಗಿಲು ಎಲ್ಲ ಇದ್ದು, ಉಕ್ಕಿನ ಚಾವಣಿಯೊಂದೇ ಇರುವುದಿಲ್ಲ. ಅದರ ಬದಲು ತೆಗೆದಿಡಬಹುದಾದ ಅಡ್ಡಕಂಬಿಗಳು, ಮೇಲೊಂದು ಟಾರ್ಪಾಲು. ನಮ್ಮ ಹಳ್ಳಿಗಳ ಹಗೇವಿಗೆ ಧಾನ್ಯ ತುಂಬುವಂತೆ ಇದಕ್ಕೂ ಮೇಲಿನಿಂದಲೇ ಸರಕು ಇಳಿಸಬಹುದು.

ಇದನ್ನು ಆರಿಸುವುದು ಯಾವಾಗ? ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ ತಯಾರಾದ ಯಂತ್ರವೊಂದು ಹೊರದೇಶಕ್ಕೆ ಹೋಗಬೇಕಾಗಿದೆ ಎಂದು ಭಾವಿಸಿ. ಉದ್ದ 3 ಮೀಟರು, ಅಗಲ 2.1, ಎತ್ತರ 2.45, ತೂಕ 9 ಟನ್. ಶಾಲೆಯ ಲೆಕ್ಕದಂತೆ ಗುಣಿಸಿದರೆ ಗಾತ್ರ ಸುಮಾರು 15.4 ಘನ ಮೀಟರು. 20 ಅಡಿ ಕಂಟೇನರಿನ ಒಳಗೆ ಸುಮಾರು 33 ಘನ ಮೀಟರು ಜಾಗವಿದೆ. 20 ಟನ್ನಿಗೂ ಹೆಚ್ಚು ಭಾರ ಅದು ಹೊರಬಲ್ಲದು. ಎರಡು ಲೆಕ್ಕವೂ ಸರಿಯಾಯಿತು. ಆದರೆ ಬಾಗಿಲಿನ ಎತ್ತರ ಸುಮಾರು 2.28 ಮೀಟರು ಮಾತ್ರ! ಯಂತ್ರ ಒಳಗೆ ಹೋಗದು.

ಹಾಗಾದರೆ ಹೆಚ್ಚು ಎತ್ತರದ ‘ಹೈ ಕ್ಯೂಬ್’ ಕಂಟೇನರು ಸಾಲದೆ? ಅದರ ಬಾಗಿಲು ಸುಮಾರು 2.58 ಮೀಟರು, 13 ಸೆಂಟಿಮೀಟರು ಮಿಗುತ್ತದೆ. ಆದರೆ ಯಂತ್ರವನ್ನು ಬರಿಯ ನೆಲದ ಮೇಲಿಡುವುದಿಲ್ಲ. ಅಡಿಯಲ್ಲಿ 15 ಸೆಂಟಿಮೀಟರು ದಪ್ಪದ ಮರದ ದಿಮ್ಮಿಗಳಿದ್ದರೆ ಒಟ್ಟು ಎತ್ತರ 2.60 ಮೀಟರು. ಎರಡೇ ಸೆಂಟಿಮೀಟರಿನಲ್ಲಿ ಲೆಕ್ಕ ಸೋತಿತು.

ಓಪನ್ ಟಾಪ್ ಕಂಟೇನರಿನ ಮೇಲ್ತೆರಪಿನ ಅಗಲ ಸುಮಾರು 2.2 ಮೀಟರು, ಯಂತ್ರವನ್ನು ಕ್ರೇನಿನಿಂದ ಇಳಿಸಬಹುದು. ಒಳಗಿನ ಎತ್ತರ ಸುಮಾರು 2.35 ಮೀಟರು ಆದ್ದರಿಂದ 25 ಸೆಂಟಿಮೀಟರು ಮೇಲಕ್ಕೆ ಚಾಚಿಕೊಳ್ಳುತ್ತದೆ. ಹೀಗೆ ಚಾಚಿದರೆ ಅದರ ಮೇಲೆ ಇನ್ನೊಂದು ಕಂಟೇನರನ್ನು ಪೇರಿಸುವಂತಿಲ್ಲ. ಖಾಲಿ ಬಿಟ್ಟ ಜಾಗಕ್ಕೂ ಬಾಡಿಗೆ ತೆರಬೇಕು. ಬಂದರಿನಲ್ಲಿ ಎತ್ತಲು ವಿಶೇಷ ಸಲಕರಣೆ ಬೇಕು, ದಾರಿಯಲ್ಲಿ ಸೇತುವೆ, ತಂತಿಗಳ ಎತ್ತರ ನೋಡಬೇಕು. ಯಂತ್ರದ ತಲೆಯ ಮೇಲಿನ ಮೋಟಾರನ್ನು ಬಿಚ್ಚಿದರೆ 30 ಸೆಂಟಿಮೀಟರು ತಗ್ಗುವುದಾದರೆ, ಎತ್ತರ 2.30ಕ್ಕೆ ಇಳಿದು ಟಾರ್ಪಾಲು ಸಮವಾಗಿ ಮುಚ್ಚಿಕೊಳ್ಳುತ್ತದೆ. ನಾಲ್ಕು ಬೋಲ್ಟುಗಳ ಕೆಲಸದಿಂದ ದೊಡ್ಡ ಖರ್ಚೇ ತಪ್ಪಬಹುದು. ಸರಕಿನ ಅಗಲವೇ ಕಂಟೇನರನ್ನು ಮೀರಿದ್ದರೆ ಓಪನ್ ಟಾಪ್ ಕೂಡ ನಿರುಪಯೋಗಿ. ಪಕ್ಕದ ಗೋಡೆಗಳೇ ಇಲ್ಲದ ‘ಫ್ಲ್ಯಾಟ್ ರ‍್ಯಾಕ್’ ಬೇಕು.

ಒಳಗೆ ಇಳಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಯಂತ್ರಕ್ಕೆ ಹತ್ತು ಸೆಂಟಿಮೀಟರು ಚದರದ ನಾಲ್ಕು ಕಾಲುಗಳಿದ್ದರೆ, ಪ್ರತಿ ಚದರ ಸೆಂಟಿಮೀಟರಿಗೆ 22.5 ಕಿಲೋಗ್ರಾಂ ಭಾರ ಬೀಳುತ್ತದೆ. 3 ಮೀಟರು ಉದ್ದ, 20 ಸೆಂಟಿಮೀಟರು ಅಗಲದ ಎರಡು ದಿಮ್ಮಿಗಳ ಮೇಲೆ ಕೂರಿಸಿದರೆ ಅದು 0.75 ಕಿಲೋಗ್ರಾಮಿಗೆ ಇಳಿಯುತ್ತದೆ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ಪರೀಕ್ಷೆಗೆ ಬಾಯಿಪಾಠ ಮಾಡುವ ಪಾಠ ಇದೇ. ಎತ್ತರಕ್ಕಾಗಿ ಶಪಿಸಿಕೊಂಡ ಆ ದಿಮ್ಮಿಗಳೇ ಇಲ್ಲಿ ನೆಲವನ್ನು ಕಾಪಾಡುತ್ತವೆ.

ಇನ್ನು ಸಮುದ್ರ. ಕೆರಳಿದ ಕಡಲಿನಲ್ಲಿ ಹಡಗು ಹೊಯ್ದಾಡುವಾಗ ಸರಕಿನ ತೂಕದ ಶೇಕಡಾ 80ರಷ್ಟು ಬಲ ಅದನ್ನು ಅಡ್ಡಕ್ಕೆ ತಳ್ಳಬಹುದೆಂದು ಲೆಕ್ಕ ಹಿಡಿದು ಕಟ್ಟಬೇಕೆನ್ನುತ್ತದೆ, 2014ರ ಅಂತರರಾಷ್ಟ್ರೀಯ ಸರಕು ತುಂಬುವ ಸಂಹಿತೆ. 9 ಟನ್ ಯಂತ್ರಕ್ಕೆ ಅದು 7.2 ಟನ್ನಿನ ತಳ್ಳು! ಟಾರ್ಪಾಲು ಮಳೆಯನ್ನು ತಡೆದೀತೇ ಹೊರತು ಯಂತ್ರವನ್ನು ಹಿಡಿದು ನಿಲ್ಲಿಸಲಾರದು. ಅದು ಸಡಿಲವಾದರೆ ನೀರು ನಿಂತು ಒಳಗೆ ಇಳಿಯುತ್ತದೆ. ಆದ್ದರಿಂದ ಯಂತ್ರಕ್ಕೆ ಗ್ರೀಸು ಬಳಿದು ಬಿಗಿಯಾಗಿ ಸುತ್ತಿರಬೇಕು.

ಮುಖ್ಯವಾದ ಮಾತು ಇರುವುದು ಇಲ್ಲಿ. ಮೊಹರು ಹಾಕಿದ ಕಂಟೇನರು ವೈಟ್‌ಫೀಲ್ಡಿನ ಡಿಪೋದಿಂದ ರೈಲೇರಿ ಚೆನ್ನೈ ಬಂದರು ಸೇರುವಾಗ ನಡುವೆ ಯಾರೂ ಒಳಗೆ ಇಣುಕುವುದಿಲ್ಲ. ಲಾರಿ ಚಾಲಕ, ಕ್ರೇನು ನಡೆಸುವವನು, ಹಡಗಿನ ಖಲಾಸಿ ಎಲ್ಲರೂ ಕಾಗದದಲ್ಲಿ ಬರೆದ ಅಂಕಿಯನ್ನು ನಂಬುತ್ತಾರೆ. ಆ ಅಂಕಿ ಸುಳ್ಳಾದರೆ ಪೆಟ್ಟು ತಿನ್ನುವವರು ಅವರು, ಬರೆದವನಲ್ಲ. ತುಂಬಿದ ಕಂಟೇನರಿನ ತೂಕವನ್ನು ಖಚಿತಪಡಿಸಿ ತಿಳಿಸಿದ ಹೊರತು ಹಡಗಿಗೆ ಏರಿಸಬಾರದೆಂಬ ನಿಯಮ 2016ರ ಜುಲೈ 1ರಿಂದ ಲೋಕದಾದ್ಯಂತ ಜಾರಿಗೆ ಬಂದದ್ದು ಸುಮ್ಮನೆ ಅಲ್ಲ.

ಉತ್ತರ ಪತ್ರಿಕೆಯಲ್ಲಿ ಒಂದು ಅಂಕಿ ತಪ್ಪಿದರೆ ಒಂದು ಅಂಕ ಹೋಗುತ್ತದೆ. ಬಂದರಿನಲ್ಲಿ ತಪ್ಪಿದರೆ ಒಂದು ಜೀವವೇ ಹೋಗಬಹುದು. ಮಕ್ಕಳು ಗಾತ್ರದ ಸೂತ್ರ ಕಲಿಯಲಿ, ಅದು ಬೇಕು. ಜೊತೆಗೆ ತಂದೆತಾಯಂದಿರು ಅವರ ಕೈಗೆ ಒಂದು ಅಳತೆ ಟೇಪನ್ನೂ ಕೊಟ್ಟು, ಮೇಜನ್ನು ಅಳೆಯುವ ಮೊದಲು ಬಾಗಿಲನ್ನು ಅಳೆಯಲು ಹೇಳಲಿ.