ಬಿಸಿ ಹೇಳಿದ ದೂರು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ ನಾನು ಹಿಂಜರಿದೆ. ನಾನು ಸಾಹಿತಿಯಲ್ಲ. ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ವಿದ್ಯುತ್ ವಿಭಾಗದ ರಿಪೇರಿ ಕೆಲಸ ಮಾಡಿ ನಿವೃತ್ತನಾದವನು. ನನ್ನ ಕೈಗೆ ಲೇಖನಿಗಿಂತ ಟೆಸ್ಟರೇ ಹೆಚ್ಚು ಒಗ್ಗಿದೆ. ಆದರೂ ಕಳೆದ ಯುಗಾದಿಯಾದ ಮರುವಾರ ನಮ್ಮ ಮನೆಯ ಅಂಗಳದಲ್ಲಿ ನಡೆದ ಒಂದು ಸಣ್ಣ ಪ್ರಸಂಗ ಈ ಶಾಲೆಗೆ ನಾನು ಸಲ್ಲಿಸಬೇಕಾದ ಋಣವೊಂದನ್ನು ನೆನಪಿಗೆ ತಂದಿತು. ಅದನ್ನೇ ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಅಂದು ಶನಿವಾರ ಸಂಜೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಉದ್ಯೋಗದಲ್ಲಿರುವ ನನ್ನ ಅಕ್ಕನ ಮಗ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದ. ಮರುದಿನ ಬೆಳಗಿನ ಜಾವ ತಾಯಿ, ಹೆಂಡತಿ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಡೆಂಕಣಿಕೋಟೆ, ಅಂಚೆಟ್ಟಿ ಮಾರ್ಗವಾಗಿ ಹೊಗೇನಕಲ್ಲಿಗೆ ಹೋಗುವುದು ಅವನ ಯೋಜನೆ. ಕಾಫಿಯ ಲೋಟ ಕೆಳಗಿಡುತ್ತ ಅವನು ಹೇಳಿದ: "ಮಾವ, ಕಾರಿನ ಆಂಪ್ಲಿಫೈಯರ್ ಒಂದು ಸಲ ನೋಡ್ತೀರಾ? ಇಪ್ಪತ್ತು ನಿಮಿಷ ಹಾಡಿದರೆ ಸಾಕು, ಕೆಂಪು ದೀಪ ಹತ್ತಿಕೊಂಡು ನಿಂತುಬಿಡುತ್ತೆ. ಹಿಂದಿನದು ಹೀಗೇ ಸುಟ್ಟುಹೋಯಿತು. ಇದು ಎರಡನೆಯದು. ಇನ್ನೂ ದೊಡ್ಡದು ಹಾಕಿಸಲಾ ಅಂತ ಯೋಚನೆ."

ಕಾರಿನ ಡಿಕ್ಕಿ ತೆರೆದು ನೋಡಿದೆ. ಮಂದ್ರ ಧ್ವನಿಯನ್ನು ಮಾತ್ರ ಹೊಮ್ಮಿಸುವ ಸಬ್‌ವೂಫರ್ ಎಂಬ ದೊಡ್ಡ ಸ್ಪೀಕರು ಒಂದು ಮರದ ಪೆಟ್ಟಿಗೆಯಲ್ಲಿ ಕುಳಿತಿತ್ತು. ಅದಕ್ಕೆ ಶಕ್ತಿ ಕೊಡುವ ಆಂಪ್ಲಿಫೈಯರನ್ನು ಹಿಂದಿನ ಸೀಟಿನ ಬೆನ್ನಿಗೆ ಬಿಗಿದು, ನೋಟಕ್ಕೆ ಚೆನ್ನಾಗಿರಲೆಂದು ಮೇಲೆ ಕಾರ್ಪೆಟ್ ಹೊದಿಸಿದ್ದರು. ಕಾರ್ಪೆಟ್ ಸರಿಸಿ ಮುಟ್ಟಿದರೆ ಎರಡು ಸೆಕೆಂಡು ಕೈಯಿಡಲಾಗದಷ್ಟು ಬಿಸಿ. ಅಂಗಡಿಯವರನ್ನು ಕೇಳಿದ್ದೆಯಾ ಎಂದೆ. ಕೇಳಿದ್ದನಂತೆ. ಅವರು ಒಂದು ಪುಟ್ಟ ಫ್ಯಾನು ಕೂರಿಸಿಕೊಟ್ಟಿದ್ದರು. 30 ಆಂಪಿಯರ್ ಫ್ಯೂಸು ಮತ್ತೆ ಮತ್ತೆ ಹೋಗುತ್ತಿದೆ ಎಂದಾಗ ಅದನ್ನು ತೆಗೆದು 60ರದು ಹಾಕಿದ್ದರು. ಆ ಅಂಗಡಿಯ ಹೆಸರು ಇಲ್ಲಿ ಬೇಡ. ಆದರೆ ಆ ಮಾತು ಕೇಳಿದೊಡನೆ ನನ್ನ ಎದೆ ಧಸಕ್ಕೆಂದಿತು. ಫ್ಯೂಸು ಇರುವುದು ಯಂತ್ರವನ್ನು ಕಾಯುವುದಕ್ಕಿಂತ ಹೆಚ್ಚಾಗಿ ವೈರನ್ನು ಕಾಯುವುದಕ್ಕೆ. ತೆಳ್ಳಗಿನ ವೈರಿಗೆ ದಪ್ಪ ಫ್ಯೂಸು ಹಾಕಿದರೆ, ಮುಂದೆ ಕರಗುವುದು ಫ್ಯೂಸಲ್ಲ, ವೈರು. ಅದರ ಪಕ್ಕದಲ್ಲೇ ಸೀಟಿನ ಸ್ಪಂಜು. ಸೀಟಿನ ಮೇಲೆ ನಾಳೆ ಕೂರಬೇಕಾದವರು ಎರಡು ಎಳೆಯ ಮಕ್ಕಳು. ದಾರಿಯೋ ಅಂಚೆಟ್ಟಿಯ ಕಾಡು.

ಮಲ್ಟಿಮೀಟರ್ ತಂದು ಕೆಲಸ ಆರಂಭಿಸಿದೆ. ಸಬ್‌ವೂಫರಿನ ತಂತಿಗಳನ್ನು ಆಂಪ್ಲಿಫೈಯರಿನಿಂದ ಬಿಡಿಸಿ ರೋಧವನ್ನು ಅಳೆದಾಗ 1.8 ಓಮ್ ತೋರಿಸಿತು. ಆಂಪ್ಲಿಫೈಯರಿನ ಮೈಮೇಲೆ, ಎರಡು ಚಾನೆಲ್ ಕೂಡಿಸಿ ಬಳಸುವಾಗ 4 ಓಮ್‌ಗಿಂತ ಕಡಿಮೆ ಇರಕೂಡದು ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಈ ಸ್ಪೀಕರಿನೊಳಗೆ 4 ಓಮಿನ ಎರಡು ಸುರುಳಿಗಳು. ಮೀಟರಿನಲ್ಲಿ ಒಂದೊಂದೂ 3.6 ತೋರಿಸುತ್ತಿತ್ತು, ಬರೆದುದಕ್ಕಿಂತ ಕೊಂಚ ಕಡಿಮೆ ತೋರಿಸುವುದು ಸಹಜವೇ. "ನೋಡಪ್ಪ, ಎರಡು ಸುರುಳಿಗಳನ್ನೂ ಸಮಾಂತರವಾಗಿ ಜೋಡಿಸಿಬಿಟ್ಟಿದ್ದಾರೆ. ಶ್ರೇಣಿಯಲ್ಲಿ ಜೋಡಿಸಬೇಕು" ಎಂದೆ. ಅವನು ನನ್ನ ಮುಖ ನೋಡಿದ. "ಸಮಾಂತರ ಅಂದರೆ ಏನು ಮಾವ?"

ಅವನು ಓದಿದ್ದು ಇಂಗ್ಲಿಷ್ ಮಾಧ್ಯಮ, ಇಂಜಿನಿಯರು. ಮನೆಯಲ್ಲಿ ಆಡುವುದು ಕನ್ನಡ, ಬೀದಿಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು. ಲೆಕ್ಕ ಮತ್ತು ವಿಜ್ಞಾನ ಮಾತ್ರ ಇಂಗ್ಲಿಷಿನಲ್ಲಿ. ನಾನು ಓದಿದ್ದು ಇದೇ ಶಾಲೆಯಲ್ಲಿ, ಕನ್ನಡದಲ್ಲಿ. ಒಂದು ಕಾಗದದ ಮೇಲೆ ಕೆರೆಯ ಚಿತ್ರ ಬರೆದೆ. ಒಂದು ತೂಬಿನ ಪಕ್ಕದಲ್ಲಿ ಅಷ್ಟೇ ಗಾತ್ರದ ಇನ್ನೊಂದು ತೂಬು ತೆರೆದರೆ ನೀರು ಎರಡರಷ್ಟು ಹೊರಡುತ್ತದೆ, ಅದು ಸಮಾಂತರ. ಅದೇ ಎರಡು ತೂಬುಗಳನ್ನು ಒಂದರ ಮುಂದೆ ಒಂದಾಗಿ ಇಟ್ಟರೆ ಒಂದೇ ನೀರು ಎರಡನ್ನೂ ದಾಟಬೇಕು, ಹರಿವು ಕುಗ್ಗುತ್ತದೆ, ಅದು ಶ್ರೇಣಿ. ಸಮಾಂತರದಲ್ಲಿ ಇವನ ಸ್ಪೀಕರು 2 ಓಮ್, ಶ್ರೇಣಿಯಲ್ಲಿ 8. ಆಂಪ್ಲಿಫೈಯರ್ ತಾಳಬಲ್ಲ ಪ್ರವಾಹದ ಎರಡರಷ್ಟನ್ನು ಅದರಿಂದ ಹೀರುತ್ತಿದ್ದರು. "ಓಹ್, ಪ್ಯಾರಲಲ್, ಸೀರೀಸ್!" ಎಂದು ಅವನು ನಕ್ಕ. ಹತ್ತು ನಿಮಿಷದಲ್ಲಿ ತಂತಿ ಬದಲಿಸಿದೆವು. ಧ್ವನಿಯ ಅಬ್ಬರ ಸ್ವಲ್ಪ ತಗ್ಗಿತು. ರೋಗ ಸಿಕ್ಕಿತೆಂದು ಬೀಗುತ್ತ ನಾನು ಕೈ ತೊಳೆಯಲು ಎದ್ದೆ.

ಆದರೆ ಅರ್ಧ ಗಂಟೆ ಹಾಡಿಸಿ ನೋಡಿದಾಗ ಆಂಪ್ಲಿಫೈಯರ್ ಮೊದಲಿನಷ್ಟಲ್ಲದಿದ್ದರೂ ಮತ್ತೆ ಬಿಸಿಯೇರಿತ್ತು. ಏಟು ಏಟಿಗೂ ಕಾರಿನೊಳಗಿನ ದೀಪ ಮಂಕಾಗುತ್ತಿತ್ತು. "ಇನ್ನೊಂದು ಫ್ಯಾನು ಹಾಕಿದರೆ ಹೇಗೆ ಮಾವ?" ಎಂದು ಹುಡುಗ ಕೇಳಿದ. ಹಾಕಿಬಿಡೋಣ ಎನ್ನುವ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಆಗಲೇ ಕತ್ತಲಾಗಿತ್ತು, ನನಗೂ ಸೊಂಟ ನೋಯುತ್ತಿತ್ತು. ಆ ಕ್ಷಣದಲ್ಲಿ ನೆನಪಾದದ್ದು 1980ರ ಆಗಸ್ಟ್ 15.

ಆಗ ಹೊಸೂರು ಧರ್ಮಪುರಿ ಜಿಲ್ಲೆಗೆ ಸೇರಿತ್ತು. ಕೃಷ್ಣಗಿರಿ ಜಿಲ್ಲೆಯಾದದ್ದು 2004ರಲ್ಲಿ. ನಮ್ಮ ಶಾಲೆಗೆ ಅಂದು ಹೆಂಚಿನ ಮಾಡು, ಮುಂದೆ ಹುಣಸೆಮರ. ಧ್ವಜಾರೋಹಣಕ್ಕೆ ಬಾಡಿಗೆಯ ಮೈಕ್ ಸೆಟ್ಟು ಬಂದಿತ್ತು. ಕರೆಂಟು ಇಲ್ಲದ್ದರಿಂದ ಲಾರಿಯ 12 ವೋಲ್ಟ್ ಬ್ಯಾಟರಿಗೆ ಅದನ್ನು ಜೋಡಿಸಿದ್ದರು. ಮುಖ್ಯೋಪಾಧ್ಯಾಯರು ನಾಲ್ಕು ಮಾತನಾಡುವಷ್ಟರಲ್ಲಿ ಧ್ವನಿ ನಿಂತಿತು. ಮತ್ತೆ ಬಂತು, ಮತ್ತೆ ನಿಂತಿತು. ಮೈಕಿನವನು ಆಂಪ್ಲಿಫೈಯರ್ ಕಾದಿದೆ ಎಂದು ಅದರ ಮೇಲೆ ಒದ್ದೆ ಬಟ್ಟೆ ಹಾಕಲು ಹೊರಟ. ನಮ್ಮ ವಿಜ್ಞಾನದ ಮೇಷ್ಟ್ರು ಅವನ ಕೈ ತಡೆದರು. ಆಂಪ್ಲಿಫೈಯರಿನಿಂದ ಆರಂಭಿಸಿ ತಂತಿಯ ಉದ್ದಕ್ಕೂ ಬೆರಳಿನಿಂದ ಮುಟ್ಟುತ್ತ ಬಂದು ಬ್ಯಾಟರಿಯ ಋಣ ತುದಿಯ ಬಳಿ ನಿಂತರು. ಎಲ್ಲಕ್ಕಿಂತ ಹೆಚ್ಚು ಬಿಸಿಯಿದ್ದದ್ದು ಅಲ್ಲಿ! ಅಲ್ಲೆಲ್ಲ ಹಸಿರು ಬೆರೆತ ಬಿಳಿಯ ಪುಡಿ ಕಟ್ಟಿಕೊಂಡಿತ್ತು. ಚಾಕುವಿನಿಂದ ಕೆರೆದು, ಬಿಗಿದು ಕಟ್ಟಿದರು. ಸಭೆ ಮುಗಿಯುವವರೆಗೆ ಧ್ವನಿ ನಿಲ್ಲಲಿಲ್ಲ.

ಸೋಮವಾರದ ತರಗತಿಯಲ್ಲಿ ಅವರು ಅದನ್ನೇ ಪಾಠ ಮಾಡಿದರು. ಜಾರ್ಜ್ ಸೈಮನ್ ಓಮ್ ಎಂಬಾತ ಜರ್ಮನಿಯ ಕಲೋನ್ ನಗರದ ಒಂದು ಪ್ರೌಢಶಾಲೆಯಲ್ಲಿ ಕಲಿಸುತ್ತಿದ್ದ ಉಪಾಧ್ಯಾಯ ಎಂದು ನಮಗೆ ತಿಳಿದದ್ದು ಅಂದೇ. 1827ರಲ್ಲಿ ಅವನು ತನ್ನ ನಿಯಮವನ್ನು ಪ್ರಕಟಿಸಿದಾಗ ಸ್ವದೇಶದಲ್ಲಿ ಆದರ ದೊರೆಯಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕವಿತ್ತು ಗೌರವಿಸಿತು. ಪ್ರವಾಹ ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಮಡಿಯಾಗುತ್ತದೆ ಎಂಬ ತತ್ತ್ವವನ್ನು ಜೌಲ್ ಪ್ರಕಟಿಸಿದ್ದೂ ಅದೇ 1841ರಲ್ಲಿ. ಇವೆಲ್ಲವನ್ನೂ ಹೇಳಿದ ಮೇಲೆ ಮೇಷ್ಟ್ರು ಎರಡು ಮಾತು ಸೇರಿಸಿದರು: "ಬಿಸಿ ರೋಗವಲ್ಲ, ಅದು ದೂರು. ದೂರು ಹೇಳುವವನ ಬಾಯಿ ಮುಚ್ಚಿಸಬೇಡಿ. ಎಲ್ಲಿಂದ ಬಂತೆಂದು ಹುಡುಕಿ. ಮತ್ತೆ, ವಿದ್ಯುತ್ತು ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ. ಅದು ಮರಳಿ ಬರುವ ದಾರಿಯನ್ನೂ ನೋಡಿ."

ಒದ್ದೆ ಬಟ್ಟೆಗೂ ಫ್ಯಾನಿಗೂ ಏನು ವ್ಯತ್ಯಾಸ? ನಾಚಿಕೆಯಾಯಿತು. ಮತ್ತೆ ಡಿಕ್ಕಿಯೊಳಗೆ ತಲೆ ಹಾಕಿದೆ. ಕಾರಿನಲ್ಲಿ ಬ್ಯಾಟರಿಯಿಂದ ಆಂಪ್ಲಿಫೈಯರಿಗೆ ಬರುವ ಕೆಂಪು ವೈರು ಎಲ್ಲರ ಕಣ್ಣಿಗೂ ಬೀಳುತ್ತದೆ. ಹಿಂದಿರುಗುವ ದಾರಿ ಕಾರಿನ ಲೋಹದ ಮೈ. ಅದಕ್ಕೆ ಸೇರಿಸುವ ಕಪ್ಪು ವೈರನ್ನು ಯಾರೂ ಗಮನಿಸುವುದಿಲ್ಲ. ಇಲ್ಲಿ ಆ ವೈರು ಕೆಂಪು ವೈರಿಗಿಂತ ತೆಳ್ಳಗಿತ್ತು. ಅದನ್ನು ಸೀಟಿನ ಬಳಿಯ ಒಂದು ಬೋಲ್ಟಿಗೆ, ಬಣ್ಣವನ್ನೂ ಕೆರೆಯದೆ, ಸುತ್ತಿ ಬಿಗಿದಿದ್ದರು. ಮುಟ್ಟಿದೆ, ಬೆರಳು ಚುರುಕ್ಕೆಂದಿತು.

ಮೀಟರಿನ ಒಂದು ತುದಿಗೆ ಉದ್ದದ ವೈರು ಕಟ್ಟಿ ಮುಂದಿನ ಬ್ಯಾಟರಿಯ ಋಣ ತುದಿಗೆ ಇರಿಸಿದೆ. ಇನ್ನೊಂದನ್ನು ಆಂಪ್ಲಿಫೈಯರಿನ ಕಪ್ಪು ವೈರಿನ ತುದಿಗೆ ಹಿಡಿದೆ. ಹಾಡಿನಲ್ಲಿ ಅಂಕಿ ಕುಣಿಯುತ್ತದೆಂದು, ಹುಡುಗ ತನ್ನ ಮೊಬೈಲಿನಿಂದ 50 ಹರ್ಟ್ಜ್‌ನ ಒಂದೇ ಸ್ವರವನ್ನು ಸ್ವಲ್ಪ ಹೊತ್ತು ನುಡಿಸಿದ. ಎರಡೂ ಒಂದೇ ಭೂಮಿಗೆ ಸೇರಿದ ತುದಿಗಳು. ನಡುವೆ ಹೆಚ್ಚೆಂದರೆ 0.1 ವೋಲ್ಟಿನ ಆಸುಪಾಸು ಇರಬೇಕು. ಮೀಟರು 1.1 ತೋರಿಸಿತು. ನಾನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ: ಒಂದು ಕೆಟ್ಟ ಕೀಲಿನಲ್ಲಿ ಕೇವಲ 0.05 ಓಮ್ ರೋಧವಿದ್ದರೂ 30 ಆಂಪಿಯರ್ ಹರಿದಾಗ ಅಲ್ಲಿ 1.5 ವೋಲ್ಟ್ ನಷ್ಟ. 45 ವಾಟ್ ಶಾಖ. ಬೆಸುಗೆ ಹಾಕುವ ಕಡ್ಡಿಯೊಂದನ್ನು ಕಾಯಿಸಿ ಕಾರ್ಪೆಟ್ಟಿನಡಿ ಇಟ್ಟಂತೆ. ಇನ್ನು ಆಂಪ್ಲಿಫೈಯರಿಗೆ ವೋಲ್ಟೇಜು ಸಾಲದೆ ಧ್ವನಿಯ ತುದಿಗಳು ಕತ್ತರಿಸಿದಂತಾಗಿ ಒರಟಾಗುತ್ತವೆ. ಕೇಳುವವನು ಸಾಲದೆಂದು ಮತ್ತೂ ಏರಿಸುತ್ತಾನೆ. ಆಂಪ್ಲಿಫೈಯರೂ ಸ್ಪೀಕರಿನ ಸುರುಳಿಯೂ ಜೊತೆಯಾಗಿ ಕಾಯುತ್ತವೆ. ಹುಡುಗ ಈ ಸಲ ನಗಲಿಲ್ಲ. "ಈ ಸೀಟಲ್ಲೇ ಮಾವ ಮಕ್ಕಳು ಮಲಗೋದು" ಎಂದಷ್ಟೇ ಹೇಳಿದ.

ರಾತ್ರಿ ಹತ್ತರವರೆಗೆ ದುಡಿದೆವು. ಡಿಕ್ಕಿಯ ಲೋಹವನ್ನು ಉಪ್ಪುಕಾಗದದಿಂದ ಬೆಳ್ಳಗಾಗುವವರೆಗೆ ಉಜ್ಜಿ, ಕೆಂಪು ವೈರಿನಷ್ಟೇ ದಪ್ಪದ ಗಿಡ್ಡ ವೈರಿಗೆ ಲಗ್ಗು ಒತ್ತಿ, ಹಲ್ಲಿನ ವಾಷರು ಹಾಕಿ ಬಿಗಿದೆವು. ಆಂಪ್ಲಿಫೈಯರನ್ನು ಸೀಟಿನ ಬೆನ್ನಿನಿಂದ ಕಿತ್ತು, ಡಿಕ್ಕಿಯ ಪಕ್ಕದ ಗೋಡೆಯ ಪ್ಲೈವುಡ್ಡಿಗೆ, ಬೆನ್ನಿನ ರೆಕ್ಕೆಗಳು ಮೇಲೆ ಕೆಳಗಾಗಿ ನಿಲ್ಲುವಂತೆ, ಸುತ್ತ ನಾಲ್ಕು ಬೆರಳು ಗಾಳಿ ಬಿಟ್ಟು ಕೂರಿಸಿದೆವು. ಬ್ಯಾಟರಿಯ ಬಳಿ 60ರ ಫ್ಯೂಸು ತೆಗೆದು 30ರದೇ ಹಾಕಿದೆವು. ಕೊನೆಗೆ ಗೇನ್ ಎಂಬ ತಿರುಪು. ಅದನ್ನು ಪೂರ್ತಿ ತಿರುಗಿಸಿಟ್ಟಿದ್ದರು. ಅದು ಧ್ವನಿ ಏರಿಸುವ ಗುಂಡಿಯಲ್ಲ. ಮುಂದಿನ ಸ್ಟೀರಿಯೋ ಕಳುಹಿಸುವ ಸಂಕೇತಕ್ಕೆ ಆಂಪ್ಲಿಫೈಯರನ್ನು ಹೊಂದಿಸುವ ತಿರುಪು. ಸ್ಟೀರಿಯೋವನ್ನು ಮುಕ್ಕಾಲು ಭಾಗಕ್ಕೆ ಇಟ್ಟು, ಧ್ವನಿ ಒರಟಾಗುವವರೆಗೆ ಗೇನನ್ನು ಏರಿಸಿ, ಅಲ್ಲಿಂದ ಕೊಂಚ ಕೆಳಗಿಳಿಸಿ ನಿಲ್ಲಿಸಿದೆ. ಮತ್ತೆ ಅಳೆದಾಗ 1.1 ಇದ್ದದ್ದು 0.06. ಒಂದು ಗಂಟೆ ಹಾಡಿತು. ಅಂಗೈಯಿಟ್ಟರೆ ಹದವಾದ ಬೆಚ್ಚಗೆ ಮಾತ್ರ. ಸುರುಳಿಗಳು ಶ್ರೇಣಿಯಲ್ಲಿದ್ದರೂ ಧ್ವನಿ ಹಿಂದಿಗಿಂತ ತಿಳಿಯಾಗಿದೆ ಎಂದು ಹುಡುಗನೇ ಒಪ್ಪಿದ.

ಮರುದಿನ ಮಧ್ಯಾಹ್ನ ಹೊಗೇನಕಲ್ಲಿನಿಂದ ಅಕ್ಕ ಫೋನು ಮಾಡಿದಳು. ಎಲ್ಲರೂ ತೆಪ್ಪದಲ್ಲಿ ಕುಳಿತಾಯಿತಂತೆ. ಮಕ್ಕಳು ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರಂತೆ. ನನಗೆ ಅಷ್ಟು ಸಾಕಾಗಿತ್ತು. ಸಂಜೆ ಹುಡುಗ ಬಂದಾಗ ಆ ಕಾಗದವನ್ನು, ಕೆರೆ ತೂಬುಗಳ ಚಿತ್ರವಿದ್ದುದನ್ನು, ಕೇಳಿ ತೆಗೆದುಕೊಂಡು ಹೋದ. ಮಗಳು ಇನ್ನೆರಡು ವರ್ಷದಲ್ಲಿ ವಿದ್ಯುತ್ತಿನ ಪಾಠ ಓದುತ್ತಾಳೆ, ತೋರಿಸುತ್ತೇನೆ ಎಂದ.

ಕನ್ನಡದಲ್ಲಿ ವಿಜ್ಞಾನ ಓದಿದರೆ ಮುಂದೆ ದಾರಿಯಿಲ್ಲವೆಂಬ ಮಾತನ್ನು ನಮ್ಮ ಈ ಗಡಿಯೂರುಗಳಲ್ಲಿ ನಾನು ಬಾಲ್ಯದಿಂದ ಕೇಳುತ್ತ ಬಂದಿದ್ದೇನೆ. ಕಾರ್ಖಾನೆಗೆ ಸೇರಿದ ಮೊದಲ ವರ್ಷ ನಾನೂ ಹಾಗೆಯೇ ತಿಳಿದು ಕುಗ್ಗಿದ್ದುಂಟು. ಇಂಗ್ಲಿಷಿನ ಹೆಸರುಗಳು ಆರು ತಿಂಗಳಲ್ಲಿ ತಾವಾಗಿ ಬಂದವು. ಬಿಸಿಯಾದದ್ದನ್ನು ತಣಿಸುವ ಮೊದಲು ಅದು ಏಕೆ ಬಿಸಿಯಾಯಿತೆಂದು ಕೇಳುವ ಅಭ್ಯಾಸ ಮಾತ್ರ ಹಾಗೆ ತಾನಾಗಿ ಬರುವಂಥದಲ್ಲ. ಅದನ್ನು ನಮ್ಮ ನುಡಿಯಲ್ಲಿ, ನಮ್ಮ ಕೆರೆಯ ತೂಬನ್ನು ತೋರಿಸಿ ಕಲಿಸಿದವರು ಈ ಶಾಲೆಯ ಮೇಷ್ಟ್ರು. ಅವರು ಇಂದು ನಮ್ಮೊಂದಿಗಿಲ್ಲ.

ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಶಾಲೆಯ ಪ್ರಯೋಗಾಲಯಕ್ಕೆ ನಾನು ಎರಡು ಮಲ್ಟಿಮೀಟರುಗಳನ್ನೂ, ಆ ರಾತ್ರಿ ಕಿತ್ತು ತೆಗೆದ, ತುದಿ ಕಪ್ಪಾದ ಗೇಣುದ್ದದ ಆ ವೈರನ್ನೂ ಒಪ್ಪಿಸುತ್ತಿದ್ದೇನೆ. ಮೀಟರುಗಳು ಅಳೆಯುವುದಕ್ಕೆ, ವೈರು ನೋಡುವುದಕ್ಕೆ. ಉಪಾಧ್ಯಾಯ ವರ್ಗ ಒಪ್ಪುವುದಾದರೆ ಪ್ರತಿ ಶನಿವಾರ ಒಂದು ಗಂಟೆ ಮಕ್ಕಳೊಂದಿಗೆ ಕುಳಿತು ಅವೆರಡರ ಉಪಯೋಗವನ್ನು ಹೇಳಿಕೊಡಲು ನಾನು ಸಿದ್ಧನಿದ್ದೇನೆ.